ಹದಿನಾಲ್ಕರ ಎರಡು ಬಾಗಿಲು

ಬೆಳಿಗ್ಗೆ ಆಸ್ಪತ್ರೆಯ ಗೇಟು ದಾಟಿದ ಮೇಲೆ ತಂತಿಯಕ್ಕ ಹೆಗಲ ಚೀಲವನ್ನು ಕೆಳಗಿಡದೆ ಮೊದಲು ಒಂದು ಸುತ್ತು ಹಾಕಿ ಬರುತ್ತಾಳೆ. ಚಹಾ ಆಮೇಲೆ, ಕುರ್ಚಿ ಆಮೇಲೆ. ಹಳೇ ಕಟ್ಟಡದ ನೆಲಮಹಡಿಯಿಂದ ಶುರುಮಾಡಿ, ಗೋಡೆಗೆ ಹಾಕಿದ ಒಂದೊಂದು ಟಿವಿ, ಒಂದೊಂದು ಫೋನು, ಒಂದೊಂದು ಸ್ಪೀಕರನ್ನೂ ಕಣ್ಣಾರೆ ನೋಡುತ್ತ ಹೊಸ ಕಟ್ಟಡಕ್ಕೆ ದಾಟುತ್ತಾಳೆ. ಕೊನೆಗೆ ರೂಟರ್ ಕೋಣೆಗೆ ಹೋಗಿ, ಅಲ್ಲಿ ಗುಂಯ್‌ಗುಡುವ ಪೆಟ್ಟಿಗೆಗಳ ಮೇಲೆ ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಅಂಗೈ ಇಟ್ಟು ನೋಡುತ್ತಾಳೆ. ಮೈ ಸರಿಯಿಲ್ಲದ ದಿನವೂ, ಮನೆಯಲ್ಲಿ ಮಾತಿಗೆ ಮಾತು ಬೆಳೆದು ಮುಖ ಊದಿಸಿಕೊಂಡು ಬಂದ ದಿನವೂ ಈ ಸುತ್ತು ತಪ್ಪಿದ್ದಿಲ್ಲ.

"ಕಂಪ್ಯೂಟರಲ್ಲಿ ಎಲ್ಲಾ ಹಸಿರು ದೀಪ ತೋರ್ಸತ್ತಲ್ಲ ಅಕ್ಕ, ಕಾಲು ಯಾಕೆ ಸವೆಸ್ತೀರಾ?" ಎಂದು ದಾದಿಯರು ಕೇಳಿದರೆ, "ಸುಳ್ಳು ಹೇಳೋಕೆ ಹಸಿರು ದೀಪಕ್ಕೆ ಯಾರಾದ್ರೂ ಕಲಿಸ್ಬೇಕಾ?" ಎನ್ನುತ್ತಾಳೆ.

ಅವಳಿಗೆ ತಾಯಿತಂದೆ ಇಟ್ಟ ಹೆಸರೊಂದಿದೆ. ಆದರೆ ಆಸ್ಪತ್ರೆಯ ಎರಡೂ ಕಟ್ಟಡಗಳ ಗೋಡೆಯೊಳಗೆ ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ ಹೆಂಗಸಿಗೆ ಆ ಹೆಸರು ಎಷ್ಟು ದಿನ ಉಳಿದೀತು? ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ತಂತಿಯಕ್ಕ. ಮನೆಯಲ್ಲಿ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಗಂಡ ಕೂಡ ತಮಾಷೆಗೆ ಹಾಗೆಯೇ ಕರೆದು ಬೈಸಿಕೊಂಡದ್ದುಂಟು.

ಆ ವಾರ ಅವಳ ತಲೆಯಲ್ಲಿ ಒಂದೇ ಕೆಲಸ ಕೂತಿತ್ತು. ಹೊಸ ಕಟ್ಟಡದ ಆಪರೇಷನ್ ಕೋಣೆಯಲ್ಲಿ ಸರ್ಜನ್ ಶಸ್ತ್ರಚಿಕಿತ್ಸೆ ಮಾಡುವುದನ್ನು, ಅವರು ವಿವರಿಸುವ ಮಾತಿನ ಸಮೇತ, ಹಳೇ ಕಟ್ಟಡದ ಪಾಠದ ಹಾಲಿನಲ್ಲಿ ಕೂತ ವಿದ್ಯಾರ್ಥಿಗಳು ಆ ಕ್ಷಣದಲ್ಲೇ ನೋಡಬೇಕು. ಅದಕ್ಕೆ ಎರಡೂ ಕಟ್ಟಡಗಳ ನಡುವೆ ಮಲ್ಟಿಕಾಸ್ಟ್ ರೂಟಿಂಗ್ ಮಾಡಿಕೊಡಬೇಕು.

"ಅದೇನೇ ಅದು ಮಲ್ಟಿ?" ಎಂದು ಅತ್ತೆ ಊಟಕ್ಕೆ ಕೂತಾಗ ಕೇಳಿದ್ದರು.

"ಒಬ್ರು ಮಾತಾಡ್ತಿರ್ತಾರೆ ಅಂದ್ಕೊಳ್ಳಿ ಅತ್ತೆ. ಮನೆಮನೆಗೂ ಹೋಗಿ ಬೇರೆಬೇರೆಯಾಗಿ ಹೇಳಲ್ಲ. ಬೀದೀಲಿ ನಿಂತು ಕೂಗೋದೂ ಇಲ್ಲ. ಯಾರಿಗೆ ಕೇಳ್ಬೇಕೋ ಅವ್ರು ಕೈ ಎತ್ತಬೇಕು. ಕೈ ಎತ್ತಿದವರ ಬಾಗಿಲಿಗೆ ಮಾತ್ರ ಆ ಮಾತು ಹೋಗತ್ತೆ. ದಾರೀಲಿರೋ ರೂಟರು, ಯಾವ ಬೀದೀಲಿ ಯಾರು ಕೈ ಎತ್ತಿದ್ದಾರೆ ಅಂತ ನೋಡ್ಕೊಂಡು ಕಳಿಸತ್ತೆ."

"ಹಾಗಾದ್ರೆ ಈ ಮನೇಲಿ ಅದನ್ನ ಹಾಕ್ಬೇಡ. ನಾನು ಮಾತಾಡಿದ್ರೆ ಕೈ ಎತ್ತೋರು ಒಬ್ರೂ ಇಲ್ಲ," ಎಂದಿದ್ದರು ಅತ್ತೆ. ತಟ್ಟೆಯಲ್ಲಿ ಕೈಯಿಟ್ಟಿದ್ದ ತಂತಿಯಕ್ಕನ ಗಂಡ ಹಾಗೆಯೇ ಎಡಗೈ ಮೇಲೆತ್ತಿ ತೋರಿಸಿದ್ದ. ಮೂವರೂ ನಕ್ಕಿದ್ದರು.

ಕೈ ಎತ್ತುವುದಕ್ಕೆ ಗುಂಪಿಗೊಂದು ನಂಬರು ಬೇಕು. ಆ ನಂಬರು ಕೊಡುವುದರಲ್ಲಿ ತಂತಿಯಕ್ಕನದೇ ಒಂದು ಪದ್ಧತಿ ಇತ್ತು. ಬಹಳ ಹಿಂದೆ, ಹಳೇ ಕಟ್ಟಡ ಒಂದೇ ಇದ್ದ ಕಾಲದಲ್ಲಿ, ಕೋಣೆಯ ಬಾಗಿಲ ಮೇಲೆ ಬರೆದ ನಂಬರೇ ಆ ಕೋಣೆಯ ಗುಂಪಿನ ನಂಬರು ಎಂದು ಅವಳು ಗೊತ್ತುಮಾಡಿದ್ದಳು. ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ, ತಲೆಯೆತ್ತಿ ಬಾಗಿಲು ನೋಡಿದರೆ ಆಯಿತು. ಹೊಸ ಕಟ್ಟಡ ಎದ್ದಾಗ ಅಲ್ಲಿನ ತಂತಿ ಕೆಲಸಕ್ಕೆ ಬಂದವರೂ, "ಅಕ್ಕ ಮಾಡಿದ ಹಾಗೇ ಮಾಡೋಣ," ಎಂದು ಬಾಗಿಲ ನಂಬರನ್ನೇ ಇಟ್ಟರು. ಅವಳಿಗೆ ಅದೊಂದು ಸಣ್ಣ ಹೆಮ್ಮೆಯಾಗಿ ಉಳಿದಿತ್ತು. ಎರಡೂ ಕಟ್ಟಡಗಳಲ್ಲಿ ಹದಿನಾಲ್ಕನೇ ಬಾಗಿಲೊಂದೊಂದಿದೆ ಎಂಬುದು ಗೊತ್ತಿಲ್ಲದ ಮಾತೇನಲ್ಲ. ಆದರೆ ನಡುವಿನ ರೂಟರು ಗುಂಪಿನ ಮಾತನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇರಲಿಲ್ಲ. ಸೇತುವೆಯಿಲ್ಲದ ಹೊಳೆಯ ಆಚೆ ಒಂದು ಹದಿನಾಲ್ಕು, ಈಚೆ ಒಂದು ಹದಿನಾಲ್ಕು. ಯಾರಿಗೆ ಏನು ತೊಂದರೆ?

ಈಗ ಸೇತುವೆ ಹಾಕಬೇಕಾದವಳು ಅವಳೇ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಧ್ಯಾಹ್ನ ವಾರ್ಡಿನಿಂದ ಕರೆ ಬಂತು. ರೋಗಿ ಕ್ಯಾಮೆರಾದವರನ್ನು ನೋಡಬೇಕಂತೆ. ತಂತಿಯಕ್ಕ ಹೋದಳು. ಕಿಟಕಿಯ ಪಕ್ಕದ ಮಂಚದಲ್ಲಿ ತೆಳ್ಳಗಿನ ಹೆಂಗಸೊಬ್ಬಳು ಕೂತು ಆಸ್ಪತ್ರೆಯ ನಿಲುವಂಗಿಯ ಬಿಚ್ಚಿದ ಅಂಚನ್ನು ಹೊಲಿದುಕೊಳ್ಳುತ್ತಿದ್ದಳು. ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುವವಳು. ಬಿಚ್ಚಿದ್ದನ್ನು ಕಂಡರೆ ಕೈ ಸುಮ್ಮನಿರದು.

"ಕೂತ್ಕೊಳ್ಳಿ ಅಕ್ಕ," ಎಂದು ಸೂಜಿಯನ್ನು ದಿಂಬಿಗೆ ಚುಚ್ಚಿದಳು. "ಡಾಕ್ಟ್ರು ಕೇಳಿದಾಗ ಹೂಂ ಅಂದೆ. ಕಲಿಯೋ ಮಕ್ಕಳು ನೋಡ್ಲಿ. ಆದ್ರೆ ಅವ್ರು ಬಿಟ್ಟು ಇನ್ಯಾರೂ ನೋಡ್ಬಾರ್ದು, ಕೇಳ್ಬಾರ್ದು. ಯಾರಂದ್ರೆ ಯಾರೂ."

"ಇಲ್ಲಮ್ಮ. ಮುಖ ಕಾಣಲ್ಲ."

"ಮುಖದ್ದಲ್ಲ ನಂಗೆ." ಅವಳು ದನಿ ತಗ್ಗಿಸಿದಳು. "ನಮ್ಮಮ್ಮ ಹೊರಗೆ ಕಾಯ್ತಾ ಕೂತಿರ್ತಾರೆ. ಅವ್ರಿಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಹೇಳಿದ್ದೀನಿ. ಕಳೆದ ವರ್ಷ ಅಣ್ಣ ಹೋದ. ಇದೇ ಕ್ಯಾನ್ಸರ್, ಇದೇ ಕರುಳು. ಆಗ ಅಮ್ಮ ಅನ್ನ ಬಿಟ್ರು, ಮಾತು ಬಿಟ್ರು. ಈಗಷ್ಟೇ ಎದ್ದು ಕೂತು ಗುಂಡಿ ಹೊಲಿಯೋಕೆ ಶುರುಮಾಡಿದ್ದಾರೆ. ಇನ್ನೊಂದು ಸಲ ಅದೇ ಹೆಸರು ಅವ್ರ ಕಿವಿಗೆ ಬಿದ್ರೆ ಉಳಿಯಲ್ಲ ಅಕ್ಕ. ನಾನು ಹುಷಾರಾದ ಮೇಲೆ, ನಾನೇ, ನನ್ನ ಬಾಯಲ್ಲಿ ಹೇಳ್ತೀನಿ."

ತಂತಿಯಕ್ಕ ಅತ್ತೆಗೆ ಹೇಳಿದಂತೆಯೇ ಇವಳಿಗೂ ಬಿಡಿಸಿ ಹೇಳಿದಳು: ಕೈ ಎತ್ತಿದವರಿಗೆ ಮಾತ್ರ, ಪಾಠದ ಹಾಲು ಬಿಟ್ಟರೆ ಬೇರೆ ಯಾರೂ ಕೈ ಎತ್ತುವುದಿಲ್ಲ.

"ಹಾಗಾದ್ರೆ ಮಾತು ಕೊಡಿ."

"ಕೊಟ್ಟೆ," ಎಂದಳು ತಂತಿಯಕ್ಕ. ದೇವರ ಮೇಲೆ ಭಾರ ಹಾಕಿ ಹೇಳಿದ ಮಾತಲ್ಲ ಅದು. ತನ್ನ ಕೆಲಸದ ಮೇಲೆ ಭಾರ ಹಾಕಿ ಹೇಳಿದ್ದು.

ಅಂದು ಸಂಜೆ ಪ್ರಯೋಗ. ಖಾಲಿ ಆಪರೇಷನ್ ಮೇಜಿನ ಮೇಲೆ ಕ್ಯಾಮೆರಾ ತಿರುಗಿಸಿಟ್ಟು ಬಂದು ಅವಳು ಪಾಠದ ಹಾಲಿನಲ್ಲಿ ಲ್ಯಾಪ್‌ಟಾಪ್ ತೆರೆದಳು. ರೂಟರಿನಲ್ಲಿ ಗುಂಪಿನ ಮಾತಿಗೆ ದಾರಿ ಬಿಟ್ಟಳು. ಮಾತಾಡುವವರೂ ಕೇಳುವವರೂ ಮೊದಲು ಪರಿಚಯವಾಗಲು ಒಂದು ಪೆಟ್ಟಿಗೆಯನ್ನು ಗೊತ್ತುಮಾಡಬೇಕು. ಆಸ್ಪತ್ರೆಯ ದೊಡ್ಡ ರೂಟರನ್ನೇ ಅದಕ್ಕೆ ನಿಲ್ಲಿಸಿದಳು. ಪರದೆ ಕಪ್ಪಾಗಿಯೇ ಇತ್ತು. ಹುಡುಕಿದರೆ, ಕ್ಯಾಮೆರಾದಿಂದ ಹೊರಟ ಚಿತ್ರಕ್ಕೆ ಅದನ್ನು ಹಾಕಿದವರು ಒಂದೇ ಒಂದು ಉಸಿರು ಕೊಟ್ಟು ಕಳಿಸಿದ್ದರು. ಪ್ರತಿ ರೂಟರು ದಾಟುವಾಗಲೂ ಒಂದು ಉಸಿರು ಕಳೆಯುತ್ತದೆ. ಮೊದಲ ಹೊಸ್ತಿಲಲ್ಲೇ ಅದು ಸತ್ತು ಬೀಳುತ್ತಿತ್ತು. ಉಸಿರು ಹೆಚ್ಚಿಸಿದಳು. ಚಿತ್ರ ಬಂತು, ಆದರೆ ಚೂರುಚೂರಾಗಿ. ಚೌಕ ಚೌಕವಾಗಿ ಒಡೆದು, ನಡುವೆ ಎಲ್ಲಿಂದಲೋ ನೀಲಿ ಬಣ್ಣ ಬೆರೆತು ಬರುತ್ತಿತ್ತು.

ತಂತಿ ಬದಲಿಸಿದಳು. ಆಗಲಿಲ್ಲ. ಚಿತ್ರದ ಗಾತ್ರ ಇಳಿಸಿದಳು. ಸ್ವಲ್ಪ ಹೊತ್ತಿನಲ್ಲೇ ಪರದೆ ತಿಳಿನೀರಿನಂತೆ ಸ್ವಚ್ಛವಾಯಿತು. ಮೇಜಿನ ಮೇಲಿನ ಹಸಿರು ಬಟ್ಟೆಯ ಮಡಿಕೆಗಳೂ ಎಣಿಸುವಷ್ಟು ಸ್ಪಷ್ಟ. ಗಾತ್ರ ಹೆಚ್ಚಾದದ್ದೇ ತೊಂದರೆಯಾಗಿತ್ತು ಎಂದುಕೊಂಡು, "ದೇವ್ರು ದೊಡ್ಡವನು," ಎಂದು ನಿಟ್ಟುಸಿರು ಬಿಟ್ಟು ಮನೆಗೆ ಹೋದಳು.

ಮರುದಿನ ಬೆಳಗಿನ ಸುತ್ತಿನಲ್ಲಿ ಹಳೇ ಕಟ್ಟಡದ ಕಾಯುವ ಹಾಲಿನ ಮೂರೂ ಟಿವಿಗಳು ಕಪ್ಪಾಗಿದ್ದವು. ಕೆಳಗೆ ಪುಟ್ಟ ದೀಪ ಉರಿಯುತ್ತಿತ್ತು, ಚಿತ್ರ ಮಾತ್ರ ಇಲ್ಲ. ಅಲ್ಲಿ ಸದಾ ಮೀನುಗಳ ಚಿತ್ರ ಓಡುತ್ತಿರುತ್ತದೆ. ಕಾಯುವವರ ಮನಸ್ಸು ಹಗುರಾಗಲಿ ಎಂದು ಹಾಕಿದ್ದು. ನೀಲಿ ನೀರು, ಸುಮ್ಮನೆ ಈಜುವ ಬಣ್ಣದ ಮೀನು. ಮೇಜಿನ ಹಿಂದೆ ಕೂರುವ ಕಾವಲು ತಾತ ಚಹಾಕ್ಕೆ ಹೋಗಿದ್ದ.

ಮೀನಿನ ಚಿತ್ರ ಓಡಿಸುವ ಡಬ್ಬಿ ಹಳೆಯದಾಯಿತು, ಆಪರೇಷನ್ ಮುಗಿದ ಮೇಲೆ ನೋಡಿದರಾಯಿತು ಎಂದುಕೊಂಡು ಅವಳು ಮುಂದೆ ನಡೆದಳು.

ಪಾಠದ ಹಾಲು ಕಿಕ್ಕಿರಿದಿತ್ತು. ಆಸ್ಪತ್ರೆಯ ಆಡಳಿತ ನೋಡುವ ಅಧೀಕ್ಷಕರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಪರದೆಯ ಮೇಲೆ ಹಸಿರು ಬಟ್ಟೆಯ ನಡುವೆ ಒಂದು ತುಂಡು ಹೊಟ್ಟೆ ಮಾತ್ರ ತೆರೆದಿತ್ತು. ಪಕ್ಕೆಯ ಕೆಳಗೆ ಹಳೆಯ ಸುಟ್ಟ ಕಲೆ, ಮುದುಡಿದ ಎಲೆಯ ಹಾಗೆ. ಸರ್ಜನ್ನರ ದನಿ ಗಂಟೆ ಬಾರಿಸಿದಂತೆ ಕೇಳುತ್ತಿತ್ತು. ರೋಗಿ ಮಧ್ಯವಯಸ್ಸಿನ ಮಹಿಳೆ. ದೊಡ್ಡ ಕರುಳಿನಲ್ಲಿ ಗೆಡ್ಡೆ. ಕ್ಯಾನ್ಸರ್ ಎಂದು ಖಚಿತವಾಗಿದೆ. ಇವರ ಅಣ್ಣನೂ ಇದೇ ರೋಗದಿಂದ ಕಳೆದ ವರ್ಷ ತೀರಿಕೊಂಡರು, ಮನೆತನದ ಈ ಇತಿಹಾಸವನ್ನು ನೀವು ಮರೆಯಬಾರದು.

ವಿದ್ಯಾರ್ಥಿಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. "ನಮ್ಮ ತಂತಿಯಕ್ಕ!" ಎಂದು ಅಧೀಕ್ಷಕರು ಹಿಂದಕ್ಕೆ ತಿರುಗಿ ತಲೆಯಾಡಿಸಿದರು. ಅವಳ ಮುಖ ಅರಳಿತು.

ಆಗ ಫೋನು ನಡುಗಿತು. ಕಾವಲು ತಾತ.

"ಅಕ್ಕಾ, ನಮ್ಮ ಟಿವಿ ಬಂತು."

"ಸರಿ ತಾತ, ಆಮೇಲೆ ಮಾತಾಡ್ತೀನಿ," ಎಂದು ಪಿಸುಗುಟ್ಟಿದಳು.

"ಮೀನಲ್ಲ ಅಕ್ಕ. ಹೊಟ್ಟೆ ಕುಯ್ತಾ ಇದ್ದಾರೆ. ಮೂರು ಟಿವೀಲೂ. ಮಾತೂ ಕೇಳ್ತಿದೆ. ನೀವೇ ಹಾಕಿದ್ದಾ?"

"ಏನು?"

"ಇಲ್ಲೊಬ್ರು ವಯಸ್ಸಾದ ಅಮ್ಮ ಎದ್ದು ನಿಂತುಬಿಟ್ಟಿದ್ದಾರೆ. ಅದು ನನ್ನ ಮಗಳ ಹೊಟ್ಟೆ, ಅದು ನನ್ನ ಮಗಳ ಹೊಟ್ಟೆ ಅಂತಿದ್ದಾರೆ. ಆ ಕಲೆ ನಂಗೆ ಗೊತ್ತು, ಬಿಸಿನೀರು ಚೆಲ್ಲಿಕೊಂಡಿದ್ದು ಅಂತಿದ್ದಾರೆ. ಬೇಗ ಬನ್ನಿ ಅಕ್ಕ."

ಆಗುವುದಿಲ್ಲ, ಸಾಧ್ಯವಿಲ್ಲ, ಅಲ್ಲಿ ಯಾರೂ ಕೈ ಎತ್ತಿಲ್ಲ ಎಂದಿತು ತಂತಿಯಕ್ಕನ ಒಂದು ಮನಸ್ಸು. ಇನ್ನೊಂದು ಮನಸ್ಸಿಗೆ ಮಾತ್ರ ಕಾಯುವ ಹಾಲಿನ ಬಾಗಿಲು ಕಣ್ಣಿಗೆ ಕಟ್ಟಿತು. ದಿನವೂ ಅದರ ಕೆಳಗೆ ಹಾದುಹೋಗುವ ಬಾಗಿಲು. ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹದಿನಾಲ್ಕು.

ಆಪರೇಷನ್ ಕೋಣೆಯ ಬಾಗಿಲೂ ಹದಿನಾಲ್ಕು.

ಆ ಮೂರು ಟಿವಿಗಳು ಕೈ ಎತ್ತಿಕೊಂಡೇ ಇದ್ದವು. ಇವತ್ತಲ್ಲ, ನಿನ್ನೆಯಲ್ಲ, ಗೋಡೆಗೆ ಏರಿದ ದಿನದಿಂದಲೂ. ಹದಿನಾಲ್ಕರ ಮಾತು ನಮಗೆ ಬೇಕು, ಹದಿನಾಲ್ಕರ ಮಾತು ನಮಗೆ ಬೇಕು ಎಂದು. ಕೈ ಎತ್ತಲು ಹೇಳಿಕೊಟ್ಟವಳೂ ಅವಳೇ, ಹೊಳೆಗೆ ಸೇತುವೆ ಹಾಕಿದವಳೂ ಅವಳೇ.

ಅವಳು ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬಡಿದು ರೂಟರಿನ ದಾರಿ ಕಡಿದಳು. ಪಾಠದ ಹಾಲಿನ ಪರದೆ ಗಕ್ಕನೆ ಕಪ್ಪಾಯಿತು. ವಿದ್ಯಾರ್ಥಿಗಳು ಹೋ ಎಂದರು. "ಏನಾಯ್ತು? ಈಗಲೇ ಹಾಕ್ರೀ!" ಎಂದು ಅಧೀಕ್ಷಕರು ಎದ್ದು ನಿಂತರು. ಅವಳು ಲ್ಯಾಪ್‌ಟಾಪನ್ನು ತೆರೆದಿದ್ದಂತೆಯೇ ಬಿಟ್ಟು ಓಡಿದಳು.

ಕಾಯುವ ಹಾಲಿನಲ್ಲಿ ಜನ ಟಿವಿಗಳಿಂದ ದೂರ ಸರಿದು ಗೋಡೆಗೆ ಒತ್ತಿ ನಿಂತಿದ್ದರು. ಯಾರೋ ಹೆಂಗಸು ತನ್ನ ಮಗುವಿನ ಕಣ್ಣನ್ನು ಕೈಯಿಂದ ಮುಚ್ಚಿದ್ದವಳು ಪರದೆ ಆರಿದ ಮೇಲೂ ಕೈ ತೆಗೆದಿರಲಿಲ್ಲ. ಹಾಲಿನ ನಡುವೆ ವಯಸ್ಸಾದ ತಾಯಿಯೊಬ್ಬಳು ಒಂಟಿಯಾಗಿ ನಿಂತು ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ಕಾಲಿನ ಬಳಿ ಚೀಲ ಮಗುಚಿ ಬಿದ್ದು, ಬಿಳಿ ಗುಂಡಿಗಳು ನೆಲದ ಮೇಲೆಲ್ಲ ಉರುಳಿದ್ದವು.

ತಂತಿಯಕ್ಕ ಅವಳ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಆ ತೋಳು ಹತ್ತಿಯ ಹಾಗೆ ಹಗುರ, ಹಿಮದ ಹಾಗೆ ತಣ್ಣಗೆ.

"ಕಲ್ಲು ಅಂದಿದ್ಲಮ್ಮ," ಎಂದಳು ತಾಯಿ, ಯಾರಿಗೋ ವರದಿ ಒಪ್ಪಿಸುವಂತೆ. "ಇವರು ಗೆಡ್ಡೆ ಅಂದ್ರು. ಅಣ್ಣನೂ ಹೋದ ಅಂದ್ರು. ಅದು ನನ್ನ ಮಗನ ವಿಷ್ಯ. ನಮ್ಮನೆ ವಿಷ್ಯ ಟಿವಿಯವರಿಗೆ ಹೇಗೆ ಗೊತ್ತಾಯ್ತು?"

ಆ ತಾಯಿ ಅಳಲಿಲ್ಲ. ಅತ್ತಿದ್ದರೆ ಜೊತೆಗೆ ಅಳಬಹುದಿತ್ತು. ತಂತಿಯಕ್ಕ ನೆಲದ ಮೇಲೆ ಕೂತು ಗುಂಡಿ ಆರಿಸತೊಡಗಿದಳು. ಬೇರೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ.

ಕಾವಲು ತಾತನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಆರಿಸತೊಡಗಿದ. "ನಂದೂ ತಪ್ಪಿದೆ ಅಕ್ಕ," ಎಂದ ಮೆಲ್ಲಗೆ. "ನಿನ್ನೆ ಸಂಜೆ ಮೀನೆಲ್ಲ ಚೂರುಚೂರಾಗಿ ಬರ್ತಿತ್ತು. ಒಂದ್ಸಲ ಮೀನಿನ ತಲೆ, ಒಂದ್ಸಲ ಹಸಿರು ಬಟ್ಟೆ. ಜನ ಗೊಣಗಿದ್ರು. ಮೀನಿನ ಡಬ್ಬಿ, ಟಿವಿ ಎರಡನ್ನೂ ಆರಿಸಿ ಮನೆಗೆ ಹೋದೆ. ಬೆಳಿಗ್ಗೆ ಟಿವಿ ಹಾಕಿದೆ, ಡಬ್ಬಿ ಹಾಕ್ಲಿಲ್ಲ. ನೀವು ನೋಡ್ಲಿ ಅಂತ."

ಗುಂಡಿ ಆರಿಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಚೂರು ಚೌಕಗಳು. ಎಲ್ಲಿಂದಲೋ ಬೆರೆತ ನೀಲಿ ಬಣ್ಣ. ಅದು ಮೀನಿನ ನೀರು! ಎರಡು ಹದಿನಾಲ್ಕರ ಮಾತು ಒಂದರೊಳಗೊಂದು ನುಗ್ಗಿ ಎರಡೂ ಕಡೆ ಚಿತ್ರ ಒಡೆಯುತ್ತಿತ್ತು. ಅವಳು ಗಾತ್ರ ಇಳಿಸಿದ್ದಕ್ಕೆ ಸರಿಯಾದದ್ದಲ್ಲ. ಅದೇ ಹೊತ್ತಿಗೆ ಇಲ್ಲಿ ತಾತ ಡಬ್ಬಿ ಆರಿಸಿದ್ದ. ರೋಗ ತಾನಾಗಿ ಅಡಗಿದ್ದನ್ನು ತನ್ನ ಮದ್ದಿನ ಗುಣವೆಂದು ತಿಳಿದು ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು. ಬೆಳಿಗ್ಗೆ ಕಪ್ಪು ಪರದೆಯನ್ನು ಕಣ್ಣಾರೆ ಕಂಡೂ ಆಮೇಲೆ ನೋಡೋಣ ಎಂದಿದ್ದಳು.

"ನಿನ್ನ ತಪ್ಪಲ್ಲ ತಾತ," ಎಂದಳು.

ಶಸ್ತ್ರಚಿಕಿತ್ಸೆ ನಿಲ್ಲದೆ ಸರಾಗವಾಗಿ ಮುಗಿಯಿತು. ಗೆಡ್ಡೆ ತೆಗೆದರು. ಹರಡಿದೆಯೋ ಇಲ್ಲವೋ ಎನ್ನಲು ಕೆಲವು ದಿನ ಬೇಕೆಂದರು. ತಂತಿಯಕ್ಕ ಮನೆಗೆ ಬಂದು ಚಪ್ಪಲಿ ಬಿಡದೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತುಬಿಟ್ಟಳು. ಅತ್ತೆ ನೀರು ತಂದುಕೊಟ್ಟರು. ನಡೆದದ್ದನ್ನೆಲ್ಲ ಅವರಿಗೂ ಗಂಡನಿಗೂ ಹೇಳಿದಳು.

"ಆ ಹುಡುಗಿಗೆ ಗೊತ್ತಾ? ತಾಯಿಗೆ ಗೊತ್ತಾಯ್ತು ಅಂತ?" ಎಂದು ಕೇಳಿದರು ಅತ್ತೆ.

"ಇನ್ನೂ ಎಚ್ಚರ ಸರಿಯಾಗಿಲ್ಲ. ನಾಳೆ ನಾನೇ ಹೇಳ್ಬೇಕು."

"ನೀನೇ ಯಾಕೆ? ದಾದಿಯರಿಲ್ವಾ, ಡಾಕ್ಟ್ರಿಲ್ವಾ?" ಎಂದ ಗಂಡ.

"ಮಾತು ಕೊಟ್ಟವಳು ನಾನು."

"ಹೇಳಿ ಬಾ," ಎಂದರು ಅತ್ತೆ. "ಬೈದ್ರೆ ಬೈಸ್ಕೊಂಡು ಬಾ. ನಾಲ್ಕು ಮಾತು ಜಾಸ್ತಿ ಬೈದ್ರೂ ಎದುರು ಮಾತಾಡ್ಬೇಡ, ನನ್ನ ಹತ್ರ ಆಡೋ ಹಾಗೆ."

ಮಾರನೇ ದಿನ ವಾರ್ಡಿನ ಪರದೆಯ ಹೊರಗೆ ನಿಂತಾಗ ಒಳಗಿನ ಮಾತು ಕೇಳಿಸಿತು. ತಾಯಿ ಕೇಳುತ್ತಿದ್ದಳು, "ಕಲ್ಲು ಎಷ್ಟು ದೊಡ್ಡದಿತ್ತಂತೆ?"

"ಕಡಲೆಕಾಳಿನಷ್ಟಂತೆ ಅಮ್ಮ."

"ಹೋಗ್ಲಿ ಬಿಡು. ಬರೀ ಕಲ್ಲು ತಾನೆ."

ನಿನ್ನೆ ಟಿವಿಯಲ್ಲಿ ಎಲ್ಲವನ್ನೂ ಕಂಡ ತಾಯಿ, ಮಗಳ ಸುಳ್ಳನ್ನು ಮಡಿಲಲ್ಲಿ ಹಾಕಿಕೊಂಡು ತೂಗುತ್ತಿದ್ದಳು. ಮಗಳು ಬತ್ತಿದ ತುಟಿಯಲ್ಲಿ ಇನ್ನೊಂದು ಸುಳ್ಳಿಗೆ ಉಸಿರು ಕೂಡಿಸಿಕೊಳ್ಳುತ್ತಿದ್ದಳು. ಹೀಗೆಯೇ ಬಿಟ್ಟುಬಿಟ್ಟರೆ ಏನಾಗುತ್ತದೆ? ಯಾರಿಗೂ ಏನೂ ತಿಳಿಯುವುದಿಲ್ಲ, ತನ್ನ ತಲೆಯೂ ಉಳಿಯುತ್ತದೆ. ಹಿಂದಿರುಗಲು ಒಂದು ಹೆಜ್ಜೆ ಇಟ್ಟೂ ಇಟ್ಟಳು. ಆದರೆ ಆ ಹಾಲಿನಲ್ಲಿ ಎಷ್ಟೊಂದು ಜನ ನೋಡಿದ್ದರು. ಇವತ್ತಲ್ಲ ನಾಳೆ ಯಾರದೋ ಬಾಯಿಂದ, ಚಹಾದ ಅಂಗಡಿಯ ಹರಟೆಯಾಗಿ, ಈ ಮಂಚಕ್ಕೆ ಬಂದು ಮುಟ್ಟುತ್ತದೆ. ಅವಳು ಪರದೆ ಸರಿಸಿದಳು.

"ನಿಮಗೆ ಕೊಟ್ಟ ಮಾತು ಉಳಿಸ್ಕೊಳ್ಳಲಿಲ್ಲಮ್ಮ," ಎಂದಳು ಮಗಳ ಮುಖ ನೋಡಿ. "ನನ್ನ ಕೆಲಸದ ತಪ್ಪಿಂದ ನಿಮ್ಮ ಆಪರೇಷನ್ ಹೊರಗಿನ ಹಾಲಿನ ಟಿವೀಲಿ ಬಂತು. ಮಾತೂ ಕೇಳಿಸ್ತು. ನಿಮ್ಮಮ್ಮ ನೋಡಿದ್ರು."

ಹೊಲಿಗೆಯವಳ ಕಣ್ಣು ಅಗಲವಾಯಿತು. ತಾಯಿಯ ಕಡೆ ತಿರುಗಲು ಹೋದವಳು ನೋವಿಗೆ ಮುಖ ಕಿವಿಚಿದಳು. ತಾಯಿ ಎದ್ದು ನಿಂತಳು. ನಿನ್ನೆ ಹತ್ತಿಯ ಹಾಗಿದ್ದ ಹೆಂಗಸು ಇವಳೇನಾ ಎನ್ನಿಸುವಂತೆ ಗದರಿದಳು.

"ನಿಮ್ಮನ್ನ ಯಾರು ಕೇಳಿದ್ರು? ಹೇಳು ಅಂತ ಯಾರು ಕೇಳಿದ್ರು? ಅವಳಿಗೆ ಹೊಲಿಗೆ ಹಾಕಿ ಇನ್ನೂ ಒಂದು ದಿನ ಆಗಿಲ್ಲ!"

"ಅಮ್ಮ, ನೀನು ನೋಡಿದ್ಯಾ?" ಮಗಳ ದನಿ ಬಾವಿಯಿಂದ ಬಂದಂತಿತ್ತು. "ನೋಡಿನೂ ಕಲ್ಲು ಎಷ್ಟು ದೊಡ್ಡದು ಅಂತ ಕೇಳಿದ್ಯಾ?"

ತಾಯಿ ಹೊದಿಕೆಯ ಅಂಚು ಸರಿಪಡಿಸಿದಳು.

"ಅಕ್ಕ, ನೀವು ಹೊರಗೆ ಹೋಗಿ," ಎಂದಳು ಮಗಳು ಗೋಡೆಯ ಕಡೆ ಮುಖ ತಿರುಗಿಸಿ. "ಮತ್ತೆ ಬರ್ಬೇಡಿ."

ಅತ್ತೆ ಹೇಳಿಕಳಿಸಿದಂತೆ ತಂತಿಯಕ್ಕ ಎದುರು ಮಾತಾಡಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ವಾರ್ಡಿನೊಳಗಿಂದ ಮೊದಲು ಜಗಳದ ದನಿ, ಆಮೇಲೆ ಅಳುವ ದನಿ. ಯಾರು ಅಳುತ್ತಿದ್ದಾರೆ, ಯಾರು ಸಮಾಧಾನ ಹೇಳುತ್ತಿದ್ದಾರೆ ಎಂದು ಗೊತ್ತಾಗದಷ್ಟು ಆ ಇಬ್ಬರ ದನಿ ಒಂದೇ ಥರ ಇತ್ತು.

ವಿಚಾರಣೆ ಶುರುವಾಯಿತು. ಅಧೀಕ್ಷಕರು ಒಳ್ಳೆಯವರೇ, ಆದರೆ ಆಸ್ಪತ್ರೆಯ ಹೆಸರು ಅವರ ತಲೆ ಮೇಲಿನ ತುಂಬಿದ ಕೊಡ. "ನೋಡಿ, ರೋಗಿಯ ಮುಖ ಕಾಣ್ಲಿಲ್ಲ, ಹೆಸರು ಬರ್ಲಿಲ್ಲ. ಗುಟ್ಟು ಗೊತ್ತಾಗಿದ್ದು ತಾಯಿಗೆ ಒಬ್ಬರಿಗೆ. ಆಕೆಗೆ ಮೊದಲೇ ಗೊತ್ತಿತ್ತು ಅಂತಾಗಿದ್ರೆ ಇದು ಬರೀ ಟಿವಿ ಕೆಟ್ಟ ವಿಷಯ. ಮುಂದಿನ ವಾರದ ಆಪರೇಷನ್ ತೋರಿಸೋದೂ ನಡೀತಿತ್ತು, ನಿಮ್ಮ ಕೆಲಸಕ್ಕೂ ಕುತ್ತು ಬರ್ತಿರ್ಲಿಲ್ಲ," ಎಂದು ಹಣೆ ಒರೆಸಿಕೊಂಡರು.

"ಮುಂದಿನ ವಾರದ್ದು ಬೇಡ ಸಾರ್. ಎರಡೂ ಕಟ್ಟಡದ ಎಲ್ಲಾ ಗುಂಪಿನ ನಂಬರೂ ಹೊಸದಾಗಿ ಕೊಡ್ಬೇಕು. ಆಪರೇಷನ್ ಕೋಣೆಯ ಮಾತು ಯಾವ ಬಾಗಿಲು ದಾಟಬಹುದು, ಯಾವುದು ದಾಟಬಾರದು ಅಂತ ರೂಟರಲ್ಲಿ ಬೇಲಿ ಹಾಕ್ಬೇಕು. ಅಲ್ಲಿವರೆಗೆ ಟಿವಿ, ಸ್ಪೀಕರ್ ಎಲ್ಲಾ ನಿಲ್ಲಿಸ್ಬೇಕಾಗತ್ತೆ."

"ಇಡೀ ಆಸ್ಪತ್ರೇನಾ? ಮೀನಿನ ಡಬ್ಬಿ ಕಿತ್ತು ಬಿಸಾಕಿ ಸಾಕು!"

"ಹದಿನಾಲ್ಕು ಒಂದೇ ಅಲ್ಲ ಸಾರ್. ಎರಡು ಒಂಬತ್ತಿದೆ, ಎರಡು ಇಪ್ಪತ್ತಿದೆ."

ಅಧೀಕ್ಷಕರು ಕಡತ ಮುಚ್ಚಿದರು. ತಾಯಿಗೆ ಮೊದಲೇ ಗೊತ್ತಿತ್ತು ಎಂದಾದರೆ ತಂತಿಯಕ್ಕನ ಕೆಲಸ ಉಳಿಯುತ್ತದೆ ಎಂಬ ಅವರ ಮಾತು ಹೇಗೋ ಗೋಡೆ ದಾಟಿ ವಾರ್ಡಿಗೆ ಮುಟ್ಟಿತ್ತು.

ವಿಚಾರಣೆಯಲ್ಲಿ ತಂತಿಯಕ್ಕನ ಹೇಳಿಕೆ ಕೇಳುವ ದಿನ, ರೂಟರ್ ಕೋಣೆಯ ಬಾಗಿಲು ಯಾರೋ ತಟ್ಟಿದರು. ತೆರೆದರೆ ಹೊಲಿಗೆಯವಳ ತಾಯಿ. ಪೆಟ್ಟಿಗೆಗಳ ಗುಂಯ್‌ಗುಡುವಿಕೆಗೆ ಬೆಚ್ಚಿ ಹೊಸ್ತಿಲಲ್ಲೇ ನಿಂತಳು.

"ಇಲ್ಲಿಂದ್ಲೇ ಏನು ಎಲ್ಲಾ ಹೋಗೋದು?"

"ಹೂಂ ಅಮ್ಮ. ಒಳಗೆ ಬನ್ನಿ, ತಣ್ಣಗಿದೆ, ಸೆರಗು ಹೊದ್ಕೊಳ್ಳಿ. ಮಗಳು ಹೇಗಿದ್ದಾರೆ?"

"ಗಂಜಿ ಕುಡಿದ್ಲು. ಬೈದ್ಲು. ನಾನೂ ಬೈದೆ. ಒಬ್ಬರಿಗೊಬ್ರು ಮುಚ್ಚಿಟ್ಟಿದ್ದು ಲೆಕ್ಕ ಹಾಕಿದ್ರೆ ನಾನೇ ಜಾಸ್ತಿ ಅಂತಾಯ್ತು." ಅವಳು ಸ್ಟೂಲಿನ ಅಂಚಿನಲ್ಲಿ ಕೂತಳು. "ಕೇಳಮ್ಮ. ನಿನ್ನ ಮೇಲೆ ನಂಗೆ ಸಿಟ್ಟು ಹೋಗಿಲ್ಲ. ಹೋಗೋದೂ ಇಲ್ಲವೇನೋ. ಕಣ್ಣು ಮುಚ್ಚಿದ್ರೆ ಆ ಚಾಕು ಕಾಣತ್ತೆ. ಆದ್ರೆ ಅವಳೇ ಕಳಿಸಿದ್ದಾಳೆ ನನ್ನ. ನಂಗೆ ರೋಗದ ವಿಷ್ಯ ಮೊದಲೇ ಗೊತ್ತಿತ್ತು ಅಂತ ಇವತ್ತು ಇಬ್ರೂ ಹೇಳ್ಬಿಡ್ತೀವಿ. ನೀನೂ ಹೂಂ ಅನ್ನು. ನಿನ್ನ ಕೆಲಸ ಉಳಿಯತ್ತಂತೆ. ನಮ್ಮ ಮನೆಗೂ ಒಬ್ರು ದುಡಿಯೋ ಹೆಂಗಸಿನ ಕೆಲಸ ಕಳೆದ ಹೆಸರು ಬೇಡ."

ಬೈಗುಳಕ್ಕೆ ಸಿದ್ಧವಾಗಿದ್ದ ತಂತಿಯಕ್ಕನ ಮನಸ್ಸು ಈ ಏಟನ್ನು ಎಣಿಸಿರಲಿಲ್ಲ. ಹೂಂ ಎಂದರೆ ಸಾಕು. ನಾಳೆ ಬೆಳಿಗ್ಗೆ ಮತ್ತೆ ಚೀಲ ಹೆಗಲಿಗೇರಿಸಿಕೊಂಡು ಇದೇ ಗೇಟು ದಾಟಬಹುದು. ಗಂಡನ ಮುಖ, ಅತ್ತೆಯ ಔಷಧದ ಶೀಶೆಗಳು ಕಣ್ಣ ಮುಂದೆ ಬಂದವು. ಅದರ ಹಿಂದೆಯೇ ಮುಂದಿನ ವಾರದ ರೋಗಿ ಬಂದ. ಯಾರೋ ಏನೋ, ಅವಳಿಗೆ ಗೊತ್ತಿರಲಿಲ್ಲ. ಅವನ ತಾಯಿಯೋ ಹೆಂಡತಿಯೋ ಇಪ್ಪತ್ತನೇ ಬಾಗಿಲ ಕೆಳಗೆ ಕೂತು ಕಾಯುತ್ತಿರುತ್ತಾಳೆ.

"ಬೇಡಮ್ಮ," ಎಂದಳು.

"ಬೇಡ್ವಾ?" ತಾಯಿ ಬೆಪ್ಪಾಗಿ ನೋಡಿದಳು. "ಕೆಲಸ ಹೋಗತ್ತಂತಲ್ಲ!"

"ಹೋದ್ರೆ ಹೋಗ್ಲಿ ಅನ್ನೋಷ್ಟು ಧೈರ್ಯ ನಂಗಿಲ್ಲ. ಆದ್ರೆ ನಿಮಗೆ ಮೊದಲೇ ಗೊತ್ತಿತ್ತು ಅಂದ್ರೆ, ಆವತ್ತು ಏನೂ ಆಗೇ ಇಲ್ಲ ಅಂತಾಗತ್ತೆ. ಏನೂ ಆಗಿಲ್ಲ ಅಂದ್ಮೇಲೆ ಅವರು ಒಂದು ನಂಬರನ್ನೂ ಬದಲಾಯ್ಸೋಕೆ ಬಿಡಲ್ಲ. ನೀವು ಆ ಹಾಲಿನ ಮಧ್ಯ ಒಬ್ರೇ ನಿಂತಿದ್ರಲ್ಲ ಅಮ್ಮ, ಅದು ಆಗಿದೆ. ಆಗಿದ್ದು ಆಗಿದೆ ಅಂತ್ಲೇ ಹೇಳ್ತೀನಿ."

ತಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ವಿಚಿತ್ರ ಹೆಂಗಸು ನೀನು. ಮೊನ್ನೆ ಯಾರೂ ಕೇಳದೇನೇ ಹೇಳಿದೆ. ಇವತ್ತು ಕೊಟ್ರೂ ತಗೊಳ್ಳಲ್ಲ ಅಂತೀಯ."

"ಮಗಳಿಗೆ ಹೇಳಿ, ಅವ್ರು ಕೊಡೋಕೆ ಬಂದಿದ್ದು ಸಣ್ಣದಲ್ಲ. ಆದ್ರೆ ನಂಗೆ ಬೇಡ," ಎಂದಳು ತಂತಿಯಕ್ಕ. ತಾಯಿ ಏಳಲು ತೋಳು ಹಿಡಿದು ಸಹಾಯ ಮಾಡಿದಳು. ಇಬ್ಬರೂ ಹೊರಗೆ ಬಂದರು. ತಾಯಿ ವಾರ್ಡಿನ ಕಡೆ ತಿರುಗಿದಳು, ತಂತಿಯಕ್ಕ ಅಧೀಕ್ಷಕರ ಕೋಣೆಯ ಕಡೆ.